ಪಾರಿವಾಳಕ್ಕೆ ಕಾಳು: ಇತಿಹಾಸ ಕಲಿಸುವ ವಿವೇಕ

ಜೀವದಯೆಯು ಜೈನಧರ್ಮದ ಉಸಿರು. ಹಕ್ಕಿಗೆ ಹಿಡಿ ಕಾಳು, ಬಾಯಾರಿದ ಪಶುವಿಗೆ ನೀರು ನೀಡದೆ ದಿನದ ವ್ಯವಹಾರವನ್ನು ಆರಂಭಿಸದ ಶ್ರಾವಕ ಕುಟುಂಬಗಳು ಇಂದಿಗೂ ಅನೇಕವಾಗಿವೆ. ಗುಜರಾತಿನ ಊರುಗಳಲ್ಲಿ ಎತ್ತರದ ಕಂಬದ ಮೇಲೆ ಪುಟ್ಟ ಮಂಟಪದಂತೆ ನಿಂತಿರುವ ಚಬೂತರಗಳು, ದೆಹಲಿಯ ಚಾಂದನಿ ಚೌಕದ ದಿಗಂಬರ ಜೈನ ಲಾಲ್ ಮಂದಿರಕ್ಕೆ ಸೇರಿದಂತೆ ನಡೆದುಬಂದಿರುವ ಪಕ್ಷಿಗಳ ಆಸ್ಪತ್ರೆ, ಮುಂಬಯಿಯ ಕಬೂತರ್‌ಖಾನೆಗಳು, ಇವೆಲ್ಲವೂ ಆ ದಯೆಯು ಕಲ್ಲು ಗಾರೆಗಳಲ್ಲಿ ತಳೆದ ರೂಪಗಳು. ವ್ಯಾಪಾರದ ನಿಮಿತ್ತ ಮೈಸೂರು ಸೀಮೆಗೆ ಬಂದು ನೆಲೆಸಿದ ಜೈನ ಕುಟುಂಬಗಳು ತಮ್ಮ ತಕ್ಕಡಿಯೊಡನೆ ಈ ಸಂಪ್ರದಾಯವನ್ನೂ ತಂದರು.

ಆದರೆ ಕೆಲವು ವರ್ಷಗಳಿಂದ ಈ ಪುಣ್ಯಕಾರ್ಯದ ಕುರಿತೇ ಪ್ರಶ್ನೆ ಎದ್ದಿದೆ. 2024ರಲ್ಲಿ ಮೈಸೂರು ಅರಮನೆಯ ಎದುರಿನ ಬಯಲಿನಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ವಾಡಿಕೆ ಸಾರ್ವಜನಿಕ ಚರ್ಚೆಗೆ ಒಳಗಾಯಿತು. 2025ರಲ್ಲಿ ಮುಂಬಯಿಯ ಕಬೂತರ್‌ಖಾನೆಗಳ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಮೈಸೂರಿಗೆ ಬಂದ ಪ್ರಶ್ನೆ ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ಬರಲು ಹೆಚ್ಚು ಕಾಲ ಬೇಕಾಗದು. ಆ ದಿನ ಬಂದಾಗ ಕೋಪದಿಂದಾಗಲಿ, ಅಂಜಿಕೆಯಿಂದಾಗಲಿ ಉತ್ತರ ಕೊಡುವುದಕ್ಕಿಂತ, ಈಗಲೇ ಸಮಾಧಾನದಿಂದ ಯೋಚಿಸುವುದು ಶ್ರೇಯಸ್ಕರ. ಹಕ್ಕಿಗಳೂ ಮನುಷ್ಯರೂ ಕೂಡಿ ಬಾಳಿದ ಇತಿಹಾಸವನ್ನು ಅವಲೋಕಿಸಿದರೆ ಈ ಯೋಚನೆಗೆ ಒಂದು ದಾರಿ ದೊರೆಯುತ್ತದೆ.

ಊರಿನ ಹಳೆಯ ಸಂಗಾತಿ

ಪಾರಿವಾಳವು ನಮ್ಮ ನಾಡಿಗೆ ಹೊರಗಿನಿಂದ ನುಗ್ಗಿ ಬಂದ ಹಕ್ಕಿಯಲ್ಲ. ಪಶ್ಚಿಮ ಯೂರೋಪಿನಿಂದ ಭಾರತದವರೆಗಿನ ವಿಸ್ತಾರವಾದ ಭೂಭಾಗದಲ್ಲಿ ಕಡಿದಾದ ಬಂಡೆಗಳ ಸಂದುಗಳಲ್ಲಿ ಗೂಡು ಕಟ್ಟಿ ಬಾಳುತ್ತಿದ್ದ ಕಾಡುಪಾರಿವಾಳವೇ ಇಂದಿನ ಊರುಪಾರಿವಾಳದ ಮೂಲ. ಮನುಷ್ಯನು ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ಸಾಕಿದನು. ಸಾಕಿದವುಗಳಲ್ಲಿ ಕೆಲವು ತಪ್ಪಿಸಿಕೊಂಡು ಕೋಟೆಗಳಲ್ಲಿಯೂ ಬಾವಿಗಳಲ್ಲಿಯೂ ದೇವಾಲಯಗಳಲ್ಲಿಯೂ ಸೇರಿಕೊಂಡವು.

ಮೌರ್ಯ ಚಕ್ರವರ್ತಿ ಅಶೋಕನು ತನ್ನ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಒಂದು ಪಟ್ಟಿಯನ್ನು ಬರೆಸಿದನು. ಅಭಿಷೇಕವಾಗಿ 26 ವರ್ಷಗಳು ಸಂದ ಬಳಿಕ ಹೊರಡಿಸಿದ ಈ ಶಾಸನದಲ್ಲಿ ಗಿಳಿ, ಗೊರವಂಕ, ಚಕ್ರವಾಕ, ಹಂಸಗಳೊಡನೆ ಬಿಳಿಯ ಕಪೋತ ಮತ್ತು ಗ್ರಾಮಕಪೋತ ಎಂಬ ಎರಡು ಹೆಸರುಗಳು ಬರುತ್ತವೆ. ಎಂದರೆ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಪಾರಿವಾಳವು 'ಊರಿನ ಹಕ್ಕಿ' ಎಂದು ಹೆಸರು ಪಡೆದಿತ್ತು. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜವಿನೋದಗಳ ಸಾಲಿನಲ್ಲಿ ಪಾರಾವತವಿನೋದವೂ ಸೇರಿದೆ. ಅಕ್ಬರನ ಅರಮನೆಯಲ್ಲಿ ಸಾವಿರಗಟ್ಟಲೆ ಪಾರಿವಾಳಗಳಿದ್ದುದನ್ನು ಅಬುಲ್ ಫಜಲನು ದಾಖಲಿಸಿದ್ದಾನೆ.

ಇಂತಹ ಹಕ್ಕಿಗೆ ದೇವಾಲಯವೆಂಬುದು ಮನುಷ್ಯನೇ ಕಟ್ಟಿಕೊಟ್ಟ ಬಂಡೆ. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಗೋಪುರವು ಸುಮಾರು 120 ಅಡಿ ಎತ್ತರವಿದೆ. ಅದರ ಅಂತಸ್ತುಗಳ ಗಾರೆಗೊಂಬೆಗಳ ನಡುವಿನ ಸಂದುಗಳು ಪಾರಿವಾಳದ ಕಣ್ಣಿಗೆ ಬೆಟ್ಟದ ಪೊಟರೆಗಳೇ ಸರಿ. ಹಿಂದೆಯೂ ಅಲ್ಲಿ ಪಾರಿವಾಳಗಳಿದ್ದವು. ಆದರೆ ಗದ್ದೆಯ ಸುಗ್ಗಿ, ಕಣದ ಕಾಳು, ಕಪಿಲೆಯ ನೀರು, ಡೇಗೆಯ ಭಯ ಇವೆಲ್ಲ ಸೇರಿ ಅವುಗಳ ಸಂಖ್ಯೆಗೆ ತಾನಾಗಿ ಒಂದು ಮಿತಿ ಏರ್ಪಟ್ಟಿತ್ತು. ಸುಗ್ಗಿ ಮುಗಿದರೆ ಮೇವಿಗೆ ದೂರ ಹೋಗಬೇಕಾಗಿತ್ತು. ದೂರ ಹೋದಷ್ಟೂ ಮರಿಗಳಿಗೆ ದೊರೆಯುವುದು ಕಡಿಮೆಯಾಗುತ್ತಿತ್ತು. ಹೀಗೆ ಊರು ಮತ್ತು ಹಕ್ಕಿ ಒಂದನ್ನೊಂದು ಸಹಿಸಿಕೊಂಡು ನಡೆದವು.

ಸಮತೋಲ ಕೆಟ್ಟ ಬಗೆ

ಈ ಮಿತಿ ಹೇಗೆ ಮುರಿಯಿತು ಎಂಬುದನ್ನು ತಿಳಿಯಬೇಕಾದರೆ ಪಾರಿವಾಳದ ಸಂತಾನಕ್ರಮವನ್ನು ಅರಿಯಬೇಕು. ಸಾಮಾನ್ಯವಾಗಿ ಕಾಳು ತಿನ್ನುವ ಹಕ್ಕಿಗಳು ಕೂಡ ತಮ್ಮ ಮರಿಗಳಿಗೆ ಹುಳುಹುಪ್ಪಟೆಗಳನ್ನೇ ತಂದು ಉಣಿಸುತ್ತವೆ. ಗುಬ್ಬಚ್ಚಿಯು ತಾನು ಅಕ್ಕಿಯ ನುಚ್ಚನ್ನು ತಿಂದರೂ ಮೊದಲ ದಿನಗಳಲ್ಲಿ ಅದರ ಮರಿಗೆ ಮೆತ್ತನೆಯ ಹುಳುಗಳು ಬೇಕು. ಹುಳುಗಳು ದೊರೆಯುವ ಕಾಲದಲ್ಲಿ ಮಾತ್ರ, ದೊರೆತಷ್ಟು ಮಾತ್ರ ಅದರ ಮರಿಗಳು ಬದುಕುತ್ತವೆ. ಪಾರಿವಾಳದ ರೀತಿಯೇ ಬೇರೆ. ಗಂಡು ಹೆಣ್ಣುಗಳೆರಡೂ ತಮ್ಮ ಗಂಟಲಿನ ಚೀಲದಲ್ಲಿ ಹಾಲಿನಂತಹ ಒಂದು ಪೌಷ್ಟಿಕ ದ್ರವವನ್ನು ಉತ್ಪತ್ತಿಮಾಡಿ ಮರಿಗಳಿಗೆ ಉಣಿಸುತ್ತವೆ. ಆದ್ದರಿಂದ ಹುಳುವಿಲ್ಲದಿದ್ದರೂ ಕಾಳೊಂದಿದ್ದರೆ ಪಾರಿವಾಳದ ಸಂಸಾರ ಸಾಗುತ್ತದೆ. ಪ್ರತಿ ಬಾರಿ ಎರಡು ಮೊಟ್ಟೆಗಳನ್ನಿಟ್ಟು, 18 ದಿನಗಳಷ್ಟು ಕಾವು ಕೊಟ್ಟು, ಆಹಾರ ಸಮೃದ್ಧವಾಗಿದ್ದರೆ ವರ್ಷದಲ್ಲಿ ಹಲವು ಬಾರಿ ಅದು ಮರಿ ಮಾಡಬಲ್ಲದು.

ಇದರ ತಾತ್ಪರ್ಯ ಸ್ಪಷ್ಟ. ಬಯಲಿನಲ್ಲಿ ಪ್ರತಿದಿನ ಒಂದು ಮೂಟೆ ಜೋಳ ಸುರಿದರೆ ಅದು ಎಲ್ಲ ಹಕ್ಕಿಗಳಿಗೂ ಸಮನಾಗಿ ಸಂದಂತೆ ನಮಗೆ ತೋರುತ್ತದೆ; ವಾಸ್ತವದಲ್ಲಿ ಅದು ಒಂದೇ ಜಾತಿಯ ಹಕ್ಕಿಯನ್ನು ಬೆಳೆಸುತ್ತದೆ. ಗುಬ್ಬಚ್ಚಿಗೆ ಆ ಜೋಳದಿಂದ ಹೊಟ್ಟೆ ತುಂಬಬಹುದು, ಸಂತತಿ ಬೆಳೆಯದು. ಪಿಕಳಾರಕ್ಕೆ ಹಣ್ಣು ಬೇಕು, ಸೂರಕ್ಕಿಗೆ ಹೂವಿನ ಮಧು ಬೇಕು, ಮಡಿವಾಳ ಹಕ್ಕಿಗೆ ಹುಳು ಬೇಕು. ಇವು ಯಾವುವೂ ಕಾಳಿನ ರಾಶಿಯಲ್ಲಿಲ್ಲ. ಮೇಲಾಗಿ ಉಳಿದ ಕಾಳಿಗೆ ಇಲಿ ಹೆಗ್ಗಣಗಳು ಬರುತ್ತವೆ. ಅವುಗಳ ಬೆನ್ನಿಗೆ ಕಾಗೆಗಳೂ ಬೆಕ್ಕುಗಳೂ ಸೇರುತ್ತವೆ. ಕಾಗೆ ಬೆಕ್ಕುಗಳು ಹೆಚ್ಚಿದ ಕಡೆ ಸಣ್ಣ ಹಕ್ಕಿಗಳ ಮೊಟ್ಟೆ ಮರಿಗಳಿಗೆ ಉಳಿಗಾಲವಿಲ್ಲ.

ಮನೆಗಳ ರೂಪವೂ ಬದಲಾಯಿತು. ನಂಜನಗೂಡು ಮತ್ತು ನರಸೀಪುರಗಳ ಹಳೆಯ ಬೀದಿಗಳಲ್ಲಿ ನಾಡಹೆಂಚಿನ ತೊಟ್ಟಿಮನೆಗಳಿದ್ದವು. ಸೂರಿನ ತೊಲೆ, ಗೋಡೆಯ ಗೂಡು, ಹೆಂಚಿನ ಕೆಳಗಿನ ಸಂದುಗಳಲ್ಲಿ ಗುಬ್ಬಚ್ಚಿಗಳು ಮನೆಯವರೇ ಎಂಬಂತೆ ಬಾಳಿದವು. ಅಂಗಳದಲ್ಲಿ ಅಕ್ಕಿ ಕೇರುವಾಗ ಉದುರಿದ ನುಚ್ಚು, ಹಿತ್ತಿಲ ಬೇಲಿಯ ಹುಳು, ಬಾವಿಕಟ್ಟೆಯ ನೀರು ಎಲ್ಲವೂ ಅವಕ್ಕೆ ಒದಗುತ್ತಿತ್ತು. ಇಂದು ತಾರಸಿ ಕಟ್ಟಡಗಳ ನುಣುಪು ಗೋಡೆಗಳಲ್ಲಿ ಗುಬ್ಬಚ್ಚಿಗೆ ಸಂದಿಲ್ಲ. ಆದರೆ ಕಿಟಕಿಯ ಸಜ್ಜಾ, ಹವಾನಿಯಂತ್ರಕದ ಹಿಂಬದಿ, ಮಹಡಿಯ ಪೈಪುಗಳ ನಡುವಣ ಜಾಗಗಳು ಪಾರಿವಾಳಕ್ಕೆ ಹೇಳಿ ಮಾಡಿಸಿದ ಬಂಡೆಗಳಾಗಿವೆ. ಅಂಗಡಿಗಳಲ್ಲಿ ಬುಟ್ಟಿಯ ಧಾನ್ಯ ಹೋಗಿ ಪೊಟ್ಟಣದ ಧಾನ್ಯ ಬಂದಿದೆ.

ಭಾರತದ ಪಕ್ಷಿಗಳ ಸ್ಥಿತಿಗತಿಯ ಕುರಿತು 2020ರಲ್ಲಿ ಪ್ರಕಟವಾದ ವರದಿಯಲ್ಲಿ ದೇಶದಾದ್ಯಂತ ಒಟ್ಟಾಗಿ ನೋಡಿದರೆ ಗುಬ್ಬಚ್ಚಿಯ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ, ಬೆಂಗಳೂರೂ ಸೇರಿದಂತೆ ಮಹಾನಗರಗಳಲ್ಲಿ ಅದು ಕುಗ್ಗಿದೆ ಎಂದು ಕಂಡುಬಂದಿದೆ. 2023ರ ವರದಿಯು ಪಾರಿವಾಳವನ್ನು ಸಂಖ್ಯೆ ಹೆಚ್ಚುತ್ತಿರುವ ಹಕ್ಕಿಗಳ ಸಾಲಿನಲ್ಲಿ ಸೇರಿಸಿದೆ. ಗುಬ್ಬಚ್ಚಿ ಕುಗ್ಗಿದುದಕ್ಕೆ ಪಾರಿವಾಳವೇ ಕಾರಣವೆಂದು ಹೇಳಿದರೆ ಅದು ಅನ್ಯಾಯವಾದೀತು. ಗುಬ್ಬಚ್ಚಿಯ ಮನೆಯನ್ನು ಕಿತ್ತವನೂ, ಪಾರಿವಾಳಕ್ಕೆ ಮನೆಯನ್ನೂ ಅನ್ನವನ್ನೂ ಒಟ್ಟಿಗೆ ಒದಗಿಸಿದವನೂ ಮನುಷ್ಯನೇ. ಒಂದು ಜೀವವನ್ನು ಅರಿಯದೆ ಕೆಳಕ್ಕೆ ತಳ್ಳಿ, ಇನ್ನೊಂದನ್ನು ಅರಿಯದೆ ಮೇಲಕ್ಕೆತ್ತಿದುದೇ ಇಲ್ಲಿನ ದೋಷ.

ನಮ್ಮ ಹಕ್ಕಿ, ಪರನಾಡಿನ ಪೀಡೆ

ಮನುಷ್ಯನ ಕೈ ಸೋಕಿದ ಹಕ್ಕಿ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಜಗತ್ತಿನ ಇತಿಹಾಸದಲ್ಲಿ ಅನೇಕ ನಿದರ್ಶನಗಳಿವೆ. ಅವುಗಳಲ್ಲಿ ಮುಖ್ಯವಾದವು ನಮ್ಮ ನಾಡಿನ ಹಕ್ಕಿಗಳದೇ ಎಂಬುದು ಗಮನಾರ್ಹ. ನಿಸರ್ಗ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟದ ತಜ್ಞರು ಹೊರನಾಡಿಗೆ ಹೋಗಿ ಅಲ್ಲಿನ ಜೀವಿಗಳಿಗೆ ಅತಿ ಹೆಚ್ಚು ಹಾನಿಮಾಡಿದ 100 ಜೀವಜಾತಿಗಳ ಪಟ್ಟಿಯೊಂದನ್ನು 2000ದಲ್ಲಿ ಪ್ರಕಟಿಸಿದರು. ಅದರಲ್ಲಿರುವ ಹಕ್ಕಿಗಳು ಮೂರೇ. ಒಂದು ಯೂರೋಪಿನ ಸ್ಟಾರ್ಲಿಂಗ್. ಉಳಿದೆರಡು, ನಮ್ಮ ಮನೆಯಂಗಳದ ಗೊರವಂಕ ಮತ್ತು ಬಾಲದ ಬುಡದಲ್ಲಿ ಕೆಂಪುಳ್ಳ ಪಿಕಳಾರ.

ಗೊರವಂಕವನ್ನು 18ನೆಯ ಶತಮಾನದಲ್ಲಿ ಮಿಡತೆಗಳ ಹಾವಳಿ ತಡೆಯಲೆಂದು ಭಾರತದಿಂದ ಮಾರಿಷಸ್ ದ್ವೀಪಕ್ಕೆ ಒಯ್ಯಲಾಯಿತು. 1860ರ ದಶಕದಲ್ಲಿ ಅದನ್ನು ಆಸ್ಟ್ರೇಲಿಯದ ಮೆಲ್ಬೋರ್ನಿನಲ್ಲಿ ಬಿಡಲಾಯಿತು. ಹುಳುಗಳನ್ನು ತಿನ್ನಲೆಂದು ಕರೆಸಿಕೊಂಡ ಅತಿಥಿಯು ಅಲ್ಲಿನ ಗಿಳಿಗಳ ಮರದ ಪೊಟರೆಗಳನ್ನು ಆಕ್ರಮಿಸಿ, ಅವನ್ನು ಗೂಡಿನಿಂದ ಹೊರದೂಡುವ ಪೀಡೆಯೆನಿಸಿತು. ಪಿಕಳಾರವು 20ನೆಯ ಶತಮಾನದ ಆರಂಭದಲ್ಲಿ ಕಬ್ಬಿನ ತೋಟಗಳಿಗೆ ಕೂಲಿಗೆಂದು ಹೋದ ಭಾರತೀಯರೊಡನೆ ಫಿಜಿ ದ್ವೀಪವನ್ನು ಸೇರಿತು. ನಾಡನ್ನು ಬಿಟ್ಟುಹೋಗುವವರಿಗೆ ಜೊತೆಗೊಂದು ಪರಿಚಿತ ಕೊರಳು ಬೇಕೆನಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೂ ಅದು ಅಲ್ಲಿನ ತೋಟಗಳಿಗೂ ಹಕ್ಕಿಗಳಿಗೂ ತೊಡಕಾಯಿತು.

ಕಾಗೆಯ ಕಥೆ ಇನ್ನೂ ಕರುಣಾಜನಕ. 1890ರ ದಶಕದಲ್ಲಿ ಕಸವನ್ನು ತಿಂದು ಊರನ್ನು ಶುಚಿಯಾಗಿಡಲೆಂದು ನಮ್ಮ ಊರುಕಾಗೆಯನ್ನು ಪೂರ್ವ ಆಫ್ರಿಕದ ಜಾಂಜಿಬಾರಿಗೆ ತರಿಸಲಾಯಿತು. ಅಲ್ಲಿಂದ ಅದು ಕರಾವಳಿಯ ಉದ್ದಕ್ಕೂ ಹಬ್ಬಿ, ಅಲ್ಲಿನ ಸಣ್ಣ ಹಕ್ಕಿಗಳ ಮೊಟ್ಟೆ ಮರಿಗಳನ್ನು ತಿಂದು ಬೆಳೆಯಿತು. ಕೊನೆಗೆ 2024ರಲ್ಲಿ ಕೀನ್ಯಾ ಸರ್ಕಾರದ ವನ್ಯಜೀವಿ ಇಲಾಖೆಯು ಹತ್ತು ಲಕ್ಷ ಕಾಗೆಗಳನ್ನು ನಿರ್ಮೂಲ ಮಾಡುವ ಯೋಜನೆಯನ್ನು ಘೋಷಿಸಿತು. ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲಿನಲ್ಲಿ ಪಿತೃಕಾರ್ಯ ಮಾಡಿದವರು ಪಿಂಡವನ್ನಿಟ್ಟು ಕಾಗೆಯ ಬರವಿಗಾಗಿ ಕೈಜೋಡಿಸಿ ಕಾಯುತ್ತಾರೆ. ಅದೇ ಕಾಗೆಗೆ ಸಮುದ್ರದಾಚೆ ವಿಷವಿಡಲಾಗುತ್ತದೆ. ಎರಡು ಕಡೆಯೂ ಕಾಗೆಯು ಕಾಗೆಯೇ. ಅದು ಮಾಡಿದ ತಪ್ಪಾದರೂ ಏನು? ತನ್ನದಲ್ಲದ ನೆಲೆಗೆ ಅದನ್ನು ಒಯ್ದವರ ಅವಿಚಾರದ ಸಾಲವನ್ನು ಅದು ಪ್ರಾಣ ಕೊಟ್ಟು ತೀರಿಸುತ್ತಿದೆ.

ಈ ವಿಷಯದಲ್ಲಿ ನಮ್ಮ ಹಿರಿಯರ ಒಂದು ನಿತ್ಯಾಚಾರವು ಎಷ್ಟು ಅರ್ಥಪೂರ್ಣವೆಂಬುದನ್ನು ಸ್ಮರಿಸಬೇಕು. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿದ ಬಳಿಕ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಎಲ್ಲೆಂದರಲ್ಲಿ ಚೆಲ್ಲುವಂತಿಲ್ಲ. ಯಾವ ಬಾವಿಯ ನೀರೋ ಅದೇ ಬಾವಿಗೆ ಅವನ್ನು ಮರಳಿಸಬೇಕು. ಒಂದು ನೀರಿನ ಜೀವ ಇನ್ನೊಂದು ನೀರಿನಲ್ಲಿ ಉಳಿಯಲಾರದು, ಅಲ್ಲಿರುವ ಜೀವಕ್ಕೂ ಬಾಧೆಯಾಗುತ್ತದೆ ಎಂಬ ಎಚ್ಚರ ಅದರಲ್ಲಿದೆ. ಪ್ರತಿ ಜೀವಕ್ಕೂ ಅದರದೇ ಆದ ನೆಲೆಯಿದೆ, ಮಿತಿಯಿದೆ ಎಂಬ ತತ್ತ್ವವನ್ನು ಹಿರಿಯರು ಅಡಿಗೆಮನೆಯ ಆಚಾರವನ್ನಾಗಿ ಮಾಡಿದ್ದರು.

ಕಪಿಲಾ ತೀರದ ಬಳಗ

ನಂಜನಗೂಡು ನರಸೀಪುರಗಳ ಸೀಮೆಯು ಹಕ್ಕಿಗಳ ವಿಷಯದಲ್ಲಿ ಬಡ ಸೀಮೆಯಲ್ಲ. ಪ್ರಸಿದ್ಧ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ಅವರ ಸಲಹೆಯಂತೆ ಕಾವೇರಿಯ ನಡುಗಡ್ಡೆಗಳಾದ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯ ನಾಡುಗಳಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅವು ಬರುವುದು ತಮ್ಮ ರೆಕ್ಕೆಯ ಬಲದಿಂದ, ಉಣ್ಣುವುದು ಗದ್ದೆಕೆರೆಗಳಲ್ಲಿ ಇರುವುದನ್ನು. ಬೇಸಗೆಯ ಮುನ್ನ ಮರಳಿ ಹೋಗುತ್ತವೆ. ಅತಿಥಿ ಎಂಬ ಮಾತು ಇಂತಹ ಹಕ್ಕಿಗೆ ಸಲ್ಲುತ್ತದೆ. ದೂರದಿಂದ ಬಂದ ಮಾತ್ರಕ್ಕೆ ಯಾವ ಹಕ್ಕಿಯೂ ಆಕ್ರಮಣಕಾರಿಯಲ್ಲ. ಹತ್ತಿರದ್ದಾದ ಮಾತ್ರಕ್ಕೆ ನಿರಪಾಯಕಾರಿಯೂ ಅಲ್ಲ. ಮಿತಿಯನ್ನು ಮೀರುವಂತೆ ಮನುಷ್ಯನು ಮಾಡಿದನೇ ಎಂಬುದೊಂದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಹಕ್ಕಿಗಳಂತೆಯೇ ಶಿಲ್ಪವೂ ಈ ಸೀಮೆಯ ಸೊತ್ತು. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 13ನೆಯ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯವು 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ತಲಕಾಡಿನಿಂದ ಆಳಿದ ಗಂಗರು ಜೈನಧರ್ಮಕ್ಕೆ ಆಶ್ರಯವಿತ್ತವರು. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಮಂತ್ರಿ. ಇಂತಹ ನೆಲದಲ್ಲಿ ಕಲ್ಲಿನ ರಕ್ಷಣೆಯೂ ಧರ್ಮವೇ. ಪಾರಿವಾಳದ ಹಿಕ್ಕೆಯಲ್ಲಿ ಆಮ್ಲಾಂಶವಿರುತ್ತದೆ. ಅದು ತೇವದೊಡನೆ ಸೇರಿ ಕಾಲಕ್ರಮದಲ್ಲಿ ಗಾರೆಯನ್ನೂ ಮೃದುವಾದ ಕಲ್ಲನ್ನೂ ಕೊರೆಯುತ್ತದೆ. ಮೈಸೂರು ಅರಮನೆಯ ಎದುರು ಕಾಳು ಹಾಕುವುದನ್ನು ನಿಲ್ಲಿಸಬೇಕೆಂದು ಪರಂಪರೆಯ ತಜ್ಞರು 2024ರಲ್ಲಿ ಒತ್ತಾಯಿಸಿದುದಕ್ಕೆ ಈ ಹಾನಿಯೂ ಜನರ ಆರೋಗ್ಯವೂ ಕಾರಣಗಳಾಗಿದ್ದವು.

ಆರೋಗ್ಯದ ಮಾತನ್ನೂ ಹಗುರವಾಗಿ ಎಣಿಸಲಾಗದು. ಒಣಗಿದ ಹಿಕ್ಕೆಯ ಮತ್ತು ಗರಿಯ ದೂಳನ್ನು ಬಹುಕಾಲ ಉಸಿರಾಡಿದ ಕೆಲವರಿಗೆ ಶ್ವಾಸಕೋಶದ ಉರಿಯೂತ ಬರುತ್ತದೆ. ಮೊದಲೇ ಅರಿತು ದೂಳಿನಿಂದ ದೂರವಾದರೆ ಗುಣವಾಗಬಹುದು. ಅಲಕ್ಷಿಸಿದರೆ ಶ್ವಾಸಕೋಶವು ಗಡುಸಾಗಿ ಶಾಶ್ವತ ಹಾನಿಯಾಗುತ್ತದೆ. ಹಿಕ್ಕೆಯಲ್ಲಿ ಬೆಳೆಯುವ ಕೆಲವು ಶಿಲೀಂಧ್ರಗಳು ದೇಹಬಲ ಕುಂದಿದವರಿಗೆ ಅಪಾಯಕಾರಿ. ಕಾಳು ಹಾಕುವವರು ಬೆಳಿಗ್ಗೆ ಹತ್ತು ನಿಮಿಷ ನಿಂತು ಮನೆಗೆ ಮರಳುತ್ತಾರೆ. ದಿನವಿಡೀ ಆ ದೂಳಿನಲ್ಲಿರುವವರು ಅಲ್ಲಿನ ಹೂಮಾರುವವರು, ಜಾಡಮಾಲಿಗಳು, ಅಕ್ಕಪಕ್ಕದ ಮನೆಗಳ ವೃದ್ಧರು ಮತ್ತು ಮಕ್ಕಳು.

ಎರಡು ನಗರಗಳ ಪಾಠ

ಮುಂಬಯಿಯಲ್ಲಿ 2025ರ ಜುಲೈಯಲ್ಲಿ ನಗರದ 51 ಕಬೂತರ್‌ಖಾನೆಗಳನ್ನು ಮುಚ್ಚಲು ಮಹಾರಾಷ್ಟ್ರ ಸರ್ಕಾರ ಸೂಚಿಸಿತು. ದಾದರಿನ ಹಳೆಯ ಕಬೂತರ್‌ಖಾನೆಗೆ ತಾಡಪಾಲು ಹೊದಿಸಲಾಯಿತು. ಆಗಸ್ಟಿನಲ್ಲಿ ಜೈನ ಸಮಾಜದವರೂ ಸೇರಿದಂತೆ ಜನರು ಪ್ರತಿಭಟಿಸಿ ತಾಡಪಾಲನ್ನು ಕಿತ್ತರು. ಮುಂಬಯಿ ಉಚ್ಚ ನ್ಯಾಯಾಲಯವು ಜನರ ಆರೋಗ್ಯವೇ ಮುಖ್ಯವೆಂದು ಅಭಿಪ್ರಾಯಪಟ್ಟಿತು. ಸರ್ವೋಚ್ಚ ನ್ಯಾಯಾಲಯವು ಮಧ್ಯೆ ಪ್ರವೇಶಿಸಲು ನಿರಾಕರಿಸಿತು. ಅನಂತರ ನಗರಪಾಲಿಕೆಯು ನಾಲ್ಕು ಕಡೆಗಳಲ್ಲಿ ಬೆಳಗಿನ ನಿಯತ ಅವಧಿಯಲ್ಲಿ ಮಾತ್ರ ಕಾಳು ಹಾಕಲು ತಾತ್ಕಾಲಿಕ ಅವಕಾಶವಿತ್ತಿತು. ಇಷ್ಟರಲ್ಲಿ ಆದ ನಷ್ಟವೆಂದರೆ, ಅಹಿಂಸೆಯ ಹೆಸರಿನಲ್ಲಿ ಬೀದಿಯಲ್ಲಿ ತಳ್ಳಾಟ ನಡೆದುದು ಮತ್ತು ಇದ್ದಕ್ಕಿದ್ದಂತೆ ಮೇವು ನಿಂತ ಹಕ್ಕಿಗಳು ಬಳಲಿದುದು.

ಇದಕ್ಕೆ ಪ್ರತಿಯಾಗಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಅನುಭವವು ಶ್ರಾವಕರೆಲ್ಲ ತಿಳಿಯಬೇಕಾದುದು. 1961ರಿಂದ 1985ರವರೆಗೆ ಆ ನಗರದ ಆಡಳಿತವು ಬಲೆ ಬೀಸಿ, ಗುಂಡು ಹೊಡೆದು ಸುಮಾರು ಒಂದು ಲಕ್ಷ ಪಾರಿವಾಳಗಳನ್ನು ಕೊಂದಿತು. ಫಲವೇನು? ಪಾರಿವಾಳಗಳ ಸಂಖ್ಯೆ ಇದ್ದಷ್ಟೇ ಉಳಿಯಿತು. ಆಹಾರ ಇದ್ದಷ್ಟು ಕಾಲ, ಸತ್ತವುಗಳ ಜಾಗವನ್ನು ಹೊಸ ಮರಿಗಳು ತುಂಬಿದವು. 1988ರಿಂದ ಆ ನಗರವು ವಿಶ್ವವಿದ್ಯಾಲಯದ ವಿದ್ವಾಂಸರ ಮಾರ್ಗದರ್ಶನದಲ್ಲಿ ಬೇರೆ ದಾರಿ ಹಿಡಿಯಿತು. ಅತಿಯಾಗಿ ಆಹಾರ ಹಾಕುವುದರಿಂದ ಹಕ್ಕಿಗಳ ದಟ್ಟಣೆ ಹೆಚ್ಚಿ, ರೋಗ ಹಬ್ಬಿ, ಹಕ್ಕಿಗಳೇ ಸಂಕಟಪಡುತ್ತವೆ ಎಂದು ಜನರಿಗೆ ತಿಳಿಯಹೇಳಲಾಯಿತು. ಮೇಲ್ವಿಚಾರಣೆಯಲ್ಲಿರುವ ಕೆಲವು ಗೂಡುಮನೆಗಳನ್ನು ನಿರ್ಮಿಸಲಾಯಿತು. ಸುಮಾರು ನಾಲ್ಕು ವರ್ಷಗಳಲ್ಲಿ ಪಾರಿವಾಳಗಳ ಸಂಖ್ಯೆ ಅರ್ಧಕ್ಕೆ ಇಳಿಯಿತು.

ಒಂದು ಲಕ್ಷ ಹತ್ಯೆಗಳಿಂದ ಸಾಧಿಸಲಾಗದುದನ್ನು ಕೈಯ ಸಂಯಮವು ಸಾಧಿಸಿತು. ಅಹಿಂಸೆಯು ಕೇವಲ ಭಾವನೆಯಲ್ಲ, ಕಾರ್ಯಸಾಧಕವಾದ ನೀತಿಯೂ ಹೌದೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷಿ ಬೇಕಿಲ್ಲ. ಆದರೆ ಆ ಅಹಿಂಸೆಯ ರೂಪ ಕಾಳು ಚೆಲ್ಲುವುದಾಗಿರಲಿಲ್ಲ, ಕಾಳನ್ನು ಹಿಡಿದಿಡುವುದಾಗಿತ್ತು ಎಂಬುದು ವಿಚಾರಾರ್ಹ.

ಧರ್ಮದೃಷ್ಟಿ

ಪಾರಿವಾಳದ ಪ್ರಸ್ತಾಪ ಬಂದೊಡನೆ ಶಾಂತಿನಾಥ ತೀರ್ಥಂಕರರ ಪೂರ್ವಭವದ ಮೇಘರಥ ಮಹಾರಾಜನ ನೆನಪಾಗುವುದು ಸಹಜ. ಗಿಡುಗಕ್ಕೆ ಅಂಜಿ ಮಡಿಲಿಗೆ ಬಿದ್ದ ಪಾರಿವಾಳಕ್ಕೆ ಅವನು ಅಭಯವಿತ್ತನು. ಈ ಕಥೆಯ ವಿವರಗಳು ದಿಗಂಬರ ಶ್ವೇತಾಂಬರ ಪರಂಪರೆಗಳಲ್ಲಿ ಒಂದೇ ತೆರನಾಗಿಲ್ಲ. ಹೇಮಚಂದ್ರಾಚಾರ್ಯರ 'ತ್ರಿಷಷ್ಟಿಶಲಾಕಾಪುರುಷಚರಿತ್ರೆ'ಯ ಪ್ರಕಾರ, ಹಸಿದ ಗಿಡುಗವು ತನ್ನ ಆಹಾರವನ್ನು ಕೇಳಿದಾಗ ರಾಜನು ಪಾರಿವಾಳದ ತೂಕದಷ್ಟು ತನ್ನ ಮಾಂಸವನ್ನೇ ಕೊಡಲು ಮುಂದಾಗಿ, ಕೊನೆಗೆ ತಾನೇ ತಕ್ಕಡಿಯನ್ನೇರಿದನು.

ಈ ಕಥೆಯನ್ನು ಪಾರಿವಾಳದ ಮೇಲಿನ ದಯೆಯ ಕಥೆಯೆಂದು ಮಾತ್ರ ಓದಿದರೆ ಅದರ ಅರ್ಧವನ್ನು ಓದಿದಂತೆ. ರಾಜನು ಗಿಡುಗವನ್ನು ದುಷ್ಟನೆಂದು ಓಡಿಸಲಿಲ್ಲ. ಮತ್ತೊಂದು ಪ್ರಾಣಿಯನ್ನು ತರಿಸಿ ಅದಕ್ಕೆ ಹಾಕಲೂ ಇಲ್ಲ. ದಯೆಯ ಬೆಲೆಯನ್ನು ಮೂರನೆಯ ಜೀವದ ಮೇಲೆ ಹೊರಿಸದೆ ತಾನೇ ತೆತ್ತನು. ತಕ್ಕಡಿಯ ಒಂದು ತಟ್ಟೆಯಲ್ಲಿ ದಾನವಿದ್ದರೆ ಇನ್ನೊಂದು ತಟ್ಟೆಯಲ್ಲಿ ದಾನಿಯೇ ಇದ್ದನು. ವರ್ತಕರಾದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಖರ್ಚನ್ನು ಬೇರೆಯವರ ಖಾತೆಗೆ ಬರೆದು ಲಾಭವನ್ನು ತನ್ನ ಖಾತೆಗೆ ಬರೆದುಕೊಂಡರೆ ಅದು ವ್ಯಾಪಾರದಲ್ಲಿಯೂ ಸಲ್ಲದು, ಪುಣ್ಯದಲ್ಲಿಯೂ ಸಲ್ಲದು. ಬೀದಿಯಲ್ಲಿ ಚೆಲ್ಲುವ ಒಂದು ಮೂಟೆ ಜೋಳದ ಬೆಲೆಯನ್ನು ದಾನಿಯು ಅಂಗಡಿಯಲ್ಲಿ ಕೊಟ್ಟಿರುತ್ತಾನೆ. ಆದರೆ ಅದರ ನಿಜವಾದ ಬೆಲೆಯನ್ನು ನೆರೆಮನೆಯ ಮಗುವಿನ ಉಸಿರು, ದೇವಾಲಯದ ಕಲ್ಲು, ಗೂಡು ಕಳೆದುಕೊಂಡ ಸಣ್ಣ ಹಕ್ಕಿ ತೆರುತ್ತಿದ್ದರೆ ಆ ದಾನ ಯಾರದು?

ಪ್ರಮಾದದಿಂದ ಪ್ರಾಣಕ್ಕೆ ಹಾನಿಯೊದಗಿಸುವುದೇ ಹಿಂಸೆಯೆಂದು ಉಮಾಸ್ವಾಮಿಗಳು 'ತತ್ತ್ವಾರ್ಥಸೂತ್ರ'ದಲ್ಲಿ ನಿರೂಪಿಸಿದ್ದಾರೆ. ಕೊಲ್ಲುವ ಇಚ್ಛೆಯಿಲ್ಲದಿದ್ದರೂ ಎಚ್ಚರದ ಕೊರತೆ ದೋಷವೇ. ಅದೇ ಗ್ರಂಥದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದಾಗಿದೆ. ಆಶ್ರಯಿಸಿದ ಜೀವದ ಅನ್ನನೀರುಗಳನ್ನು ತಡೆಯಬಾರದೆಂಬುದು ಅದರ ಆಶಯ. ಹಾಗಾದರೆ ಕಾಳು ನಿಲ್ಲಿಸುವುದು ಅತಿಚಾರವಲ್ಲವೇ ಎಂಬ ಸಂದೇಹ ಧರ್ಮಭೀರುಗಳಲ್ಲಿ ಹುಟ್ಟುವುದು ಸಹಜ. ಆ ಸಂದೇಹವನ್ನು ಗೌರವಿಸಬೇಕು. ಬಾನಿನಲ್ಲಿ ಸ್ವತಂತ್ರವಾಗಿ ಹಾರಾಡುವ ಹಕ್ಕಿಯನ್ನು ಯಾರೂ ಕಟ್ಟಿಹಾಕಿಲ್ಲ. ಆದರೆ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಉಣಿಸಿ ಅಭ್ಯಾಸಮಾಡಿಸಿದ ಹಿಂಡನ್ನು ಒಂದು ಬೆಳಿಗ್ಗೆ ಕೈಬಿಡುವುದು ಕ್ರೌರ್ಯವೇ. ಆದ್ದರಿಂದ ನಿಲ್ಲಿಸುವುದಕ್ಕಿಂತ ಕ್ರಮೇಣ ಇಳಿಸುವುದು ಶಾಸ್ತ್ರಕ್ಕೂ ಸಮ್ಮತ, ವಿಜ್ಞಾನಕ್ಕೂ ಸಮ್ಮತ. ಆಹಾರ ಮೆಲ್ಲಮೆಲ್ಲನೆ ತಗ್ಗಿದರೆ ಹಕ್ಕಿಗಳು ಬೇರೆಡೆ ಮೇವನ್ನು ಅರಸುತ್ತವೆ, ಮರಿಗಳ ಸಂಖ್ಯೆಯೂ ತಾನಾಗಿ ತಗ್ಗುತ್ತದೆ. ಹುಟ್ಟಿದ ಜೀವ ಸಾಯಬೇಕಾಗಿಲ್ಲ. ಅತಿಯಾಗಿ ಹುಟ್ಟುವುದಷ್ಟೇ ಕಡಿಮೆಯಾಗುತ್ತದೆ.

ಆಡಳಿತ ಮಂಡಳಿಗಳು ಮಾಡಬಹುದಾದುದು

ಬಸದಿ ಮತ್ತು ಮಂದಿರಗಳ ಆಡಳಿತ ಮಂಡಳಿಗಳು ಈ ದಿಸೆಯಲ್ಲಿ ಮೊದಲ ಹೆಜ್ಜೆಯಿಡಲು ಯಾವ ಆಜ್ಞೆಗೂ ಕಾಯಬೇಕಾಗಿಲ್ಲ. ಕಾಳು ಹಾಕುವ ವಾಡಿಕೆಯಿರುವ ಕಡೆ ಅದರ ಪ್ರಮಾಣವನ್ನು ಒಂದು ವರ್ಷದ ಅವಧಿಯಲ್ಲಿ ತಿಂಗಳು ತಿಂಗಳಿಗೂ ಇಳಿಸಬಹುದು. ಆಸ್ಪತ್ರೆ, ಶಾಲೆ, ಮನೆಗಳ ಹತ್ತಿರ ಮತ್ತು ಪ್ರಾಚೀನ ಶಿಲ್ಪಗಳ ಸಮೀಪ ಕಾಳು ಹಾಕದಂತೆ ನೋಡಿಕೊಳ್ಳಬಹುದು. ಉಳಿದ ಕಾಳನ್ನು ಅಂದೇ ಗುಡಿಸಿ, ಹಿಕ್ಕೆಯನ್ನು ನೀರಿನಿಂದ ನೆನೆಸಿದ ಮೇಲೆಯೇ ತೆಗೆಯಬೇಕು. ಆ ಕೆಲಸ ಮಾಡುವವರಿಗೆ ಮುಖವಸ್ತ್ರ ಕೊಡುವುದು ಮಂಡಳಿಯ ಕರ್ತವ್ಯ. ಗೋಪುರ ಮತ್ತು ಶಿಖರಗಳ ಸಂದುಗಳನ್ನು ಮುಚ್ಚುವ ಮುನ್ನ ಮೊಟ್ಟೆ ಮರಿಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬಲೆ ಕಟ್ಟಿದಲ್ಲಿ ಹಕ್ಕಿ ಸಿಕ್ಕಿಬಿದ್ದಿದೆಯೇ ಎಂದು ಪ್ರತಿದಿನ ನೋಡಬೇಕು. ಅಂಟು, ವಿಷ, ಮುಳ್ಳುಗಳ ಮಾತೇ ಬೇಡ.

ಕಾಳಿನ ನಿಧಿಯು ಹೀಗೆ ಉಳಿದರೆ ಅದಕ್ಕೆ ಸತ್ಪಾತ್ರಗಳು ಅನೇಕ. ಬೇಸಗೆಯಲ್ಲಿ ಅಲ್ಲಲ್ಲಿ ಮಣ್ಣಿನ ಬಟ್ಟಲುಗಳಲ್ಲಿಟ್ಟು ದಿನವೂ ಬದಲಾಯಿಸುವ ನೀರು ಎಲ್ಲ ಹಕ್ಕಿಗಳಿಗೂ ಸಮನಾದ ದಾನ. ಅತ್ತಿ, ಆಲ, ಅರಳಿ, ನೇರಳೆ, ಬೇವು, ಹೊಂಗೆಗಳ ಒಂದು ಸಸಿಯನ್ನು ನೆಟ್ಟು ಮೂರು ವರ್ಷ ಕಾಪಾಡಿದರೆ ಅದು ತಲೆಮಾರುಗಳವರೆಗೆ ಯಾರ ಕೈಯನ್ನೂ ಕಾಯದೆ ಹಕ್ಕಿಗಳಿಗೆ ಹಣ್ಣು, ಹುಳು, ಗೂಡು ಮೂರನ್ನೂ ಕೊಡುತ್ತದೆ. ಒಂದಂಗುಲಕ್ಕಿಂತ ತುಸು ಹೆಚ್ಚು ಅಗಲದ ಬಾಯಿಯುಳ್ಳ ಮರದ ಗೂಡುಪೆಟ್ಟಿಗೆಯನ್ನು ಸೂರಿನ ಕೆಳಗೆ ಕಟ್ಟಿದರೆ ಗುಬ್ಬಚ್ಚಿ ಒಳಹೋಗುತ್ತದೆ, ಪಾರಿವಾಳ ಹೋಗಲಾರದು. ಗಾಯಗೊಂಡ ಹಕ್ಕಿಗಳ ಚಿಕಿತ್ಸೆಗೆ ಪಶುವೈದ್ಯರ ನೆರವು ಏರ್ಪಡಿಸಬಹುದು. ಗಾಯಗೊಂಡುದು ಪಾರಿವಾಳವಾದರೂ ಸರಿ, ಗಿಡುಗವಾದರೂ ಸರಿ, ಅಭಯದಾನದಲ್ಲಿ ಜಾತಿಭೇದವಿಲ್ಲ.

ಪಾರಿವಾಳವು ಪಾಪಿಯಲ್ಲ, ಅದಕ್ಕೆ ಕಾಳು ಹಾಕಿದ ಹಿರಿಯರೂ ತಪ್ಪು ಮಾಡಿದವರಲ್ಲ. ಅವರ ಕಾಲದಲ್ಲಿ ಊರು ಚಿಕ್ಕದಿತ್ತು, ಹಿಂಡು ಚಿಕ್ಕದಿತ್ತು, ಹಿಡಿ ಕಾಳು ಹಿಡಿಯಷ್ಟೇ ಇತ್ತು. ಇಂದು ಊರು ಬೆಳೆದಿದೆ, ಹಿಡಿ ಮೂಟೆಯಾಗಿದೆ. ಕಾಲ ಬದಲಾದಾಗ ಆಚಾರದ ರೂಪವನ್ನು ಬದಲಿಸಿ ಆಶಯವನ್ನು ಉಳಿಸಿಕೊಳ್ಳುವುದೇ ಶ್ರಾವಕಧರ್ಮ. ಕೈಯಲ್ಲಿರುವ ಕಾಳನ್ನು ಚೆಲ್ಲುವ ಮುನ್ನ ಇದರ ಬೆಲೆಯನ್ನು ತೆರುವವರು ಯಾರು ಎಂದು ಒಂದು ಕ್ಷಣ ಯೋಚಿಸುವ ಶ್ರಾವಕನು ಪಾರಿವಾಳಕ್ಕೂ ಗುಬ್ಬಚ್ಚಿಗೂ ನೆರೆಯವನಿಗೂ ಏಕಕಾಲದಲ್ಲಿ ಅಭಯವಿತ್ತಂತಾಗುತ್ತದೆ.